ಎರಡು ಅಕ್ಷರದ ಅಂತರ

ಪುಡಿ ಬಂದದ್ದು ಅಂಚು ಹರಿದ ಪೊಟ್ಟಣದಲ್ಲಿ.
ರಕ್ತದಿಂದ ಬೆಳೆಸಿದ್ದು ಥರ್ಮಕೋಲ್ ಡಬ್ಬಿಯಲ್ಲಿ,
ಐಸು ಕರಗಿ ನೀರಾಗಿ.
ರಾಯಚೂರಿನ ಮೇ ತಿಂಗಳು. ಲಿಂಗಸೂಗೂರು ರಸ್ತೆಯ ಡಾಂಬರು
ಚಪ್ಪಲಿಗೆ ಅಂಟಿ ಪ್ರಯೋಗಾಲಯದೊಳಗೂ ಬರುವ ಹೊತ್ತು.

ಪೊಟ್ಟಣದ ಮೇಲೆ ನಗುವ ಮಗು.
'ಸ್ನೇಹಿ ಜೀವಾಣು, ನೂರು ಕೋಟಿ.'
ಡಬ್ಬಿಯ ಮೇಲೆ ನಗುವವರಿಲ್ಲ, ನೀಲಿ ಪೆನ್ನಿನಲ್ಲಿ ಇಷ್ಟೆ:
'ಅಯ್ಯಮ್ಮನ ಗಂಡುಮಗು. ಏಳಕ್ಕೆ ಹುಟ್ಟಿದ್ದು.
ತೂಕ ಸಾವಿರದ ನೂರು ಗ್ರಾಂ.'
ಕೆಳಗೆ ಡಾಕ್ಟರ್ ನಿಖತ್ ಅವರ ಅವಸರದ ಕೈಬರಹ:
'ಎರಡೂ ಒಂದೇನಾ? ಬೇಗ.'

ಜೀವಾಣುವನ್ನು ಒಡೆಯುವುದು ದೊಡ್ಡ ವಿದ್ಯೆಯಲ್ಲ.
ಸೋಪಿನಂಥ ದ್ರವ, ಒಂದಿಷ್ಟು ಬಿಸಿ,
ಕಡೆಗೆ ತಣ್ಣನೆಯ ಸ್ಪಿರಿಟ್ಟು.
ಕೊಳವೆಯಲ್ಲಿ ತೇಲಿ ಬರುತ್ತದೆ ವಂಶ,
ಹತ್ತಿಯ ಎಳೆಯ ಹಾಗೆ, ಬೆಳ್ಳಗೆ.

ಅಂಗೈಯಷ್ಟೇ ಯಂತ್ರ. ಓದುತ್ತದೆ ಇರುಳೆಲ್ಲ.
ಶಕ್ತಿನಗರದ ಚಿಮಣಿ ಎಲ್ಲೆಲ್ಲಿಗೋ ಬೆಳಕು ಕಳಿಸುತ್ತಿರುವಾಗ
ನಮ್ಮಲ್ಲಿ ಎರಡು ಸಲ ಕರೆಂಟು ಹೋಯಿತು,
ಇನ್ವರ್ಟರ್ ಕುಂಯ್‌ಗುಟ್ಟಿತು,
ನಾನು ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ.

ಎ, ಟಿ, ಜಿ, ಸಿ.
ನಲವತ್ತೊಂಬತ್ತು ಕಲಿಯಲು ಏಟು ತಿಂದವಳು ನಾನು,
ಇವಕ್ಕೆ ನಾಲ್ಕೇ ಸಾಕು.
ಒತ್ತಿಲ್ಲ, ದೀರ್ಘವಿಲ್ಲ,
ಉಸಿರೆಳೆದುಕೊಳ್ಳಲು ಒಂದು ಅಲ್ಪವಿರಾಮವೂ ಇಲ್ಲ.
ಮೂವತ್ತು ಲಕ್ಷ ಅಕ್ಷರದ ಒಂದೇ ಸಾಲು,
ಅದೂ ಬಳೆಯಂತೆ ದುಂಡಗೆ:
ಇಲ್ಲಿಂದ ಶುರು ಎಂದು ನಾವೇ ಗೆರೆ ಎಳೆಯಬೇಕು.

ವಿಷದ ಮಾತು ಹುಡುಕಿದೆ. ಸಿಗಲಿಲ್ಲ.
ಹಾಲಿನ ಸಕ್ಕರೆ ಮುರಿಯುವ ಮಾತು ಇತ್ತು,
ಓಣಿಯ ಲಾಲ್‌ಬೀ ಕೊಡುವ ಹೆಪ್ಪಿನಲ್ಲಿರುವಂಥದೇ.
(ದೀಪ ಹಚ್ಚಿದ ಮೇಲೆ ಆಕೆ ಹೆಪ್ಪು ಕೊಡುವುದಿಲ್ಲ,
ಯಾಕೆಂದು ಕೇಳಿದರೆ, 'ಕೊಡಬಾರದು ಅಷ್ಟೆ.')
ಕರುಳನ್ನು ಹಿಡಿದುಕೊಳ್ಳಲು ಕೂದಲಿನಂಥ ಕೈಗಳನ್ನು
ಹೆಣೆದುಕೊಳ್ಳುವ ಮಾತೂ ಇತ್ತು.
ಆ ಕೈ ಹೊಗಳಿಯೇ ಪೊಟ್ಟಣ ಮಾರುವುದು.

ಬೆಳಗಿನ ಐದಕ್ಕೆ ಎರಡು ಬಳೆ ಪಕ್ಕಪಕ್ಕ ಇಟ್ಟೆ.
ಪುಡಿಯದು. ರಕ್ತದ್ದು.
ಮೂವತ್ತು ಲಕ್ಷದಲ್ಲಿ ಎರಡು ಅಕ್ಷರ ಬೇರೆ.
ಅಂದರೆ ಒಂದೇ.
ಅಂದರೆ ಅದೇ.

ಕರೆದರು, ಬಂತು.
ಏಳು ತಿಂಗಳ ಕರುಳು ಇನ್ನೂ ಬಾಗಿಲು ಕೂರಿಸದ ಮನೆ,
ಅಂಗಳ ಯಾವುದು ನಡುಮನೆ ಯಾವುದು
ಬಂದದ್ದಕ್ಕೆ ಹೇಗೆ ಗೊತ್ತಾಗಬೇಕು?
ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂಬುದನ್ನೂ
ತನ್ನ ಮೈಯಲ್ಲೇ ಬರೆದುಕೊಂಡಿತ್ತು, ಮುಚ್ಚಿಡದೆ.
ಫೋನಿನಲ್ಲಿ ಓದಿ ಹೇಳಿದೆ. ಅವರು ಔಷಧ ಬದಲಿಸಿದರು.

ಗುರುವಾರ ಅಯ್ಯಮ್ಮನೇ ಬಂದಳು.
ಜಿನ್ನಿಂಗ್ ಮಿಲ್ಲಿನ ಪಾಳಿ ಮುಗಿಸಿ ನೇರ,
ಹುಬ್ಬಿನ ಮೇಲೂ ಅರಳೆ.
ಜ್ವರ ಇಳಿದಿದೆಯಂತೆ. ಬೆರಳು ಕೊಟ್ಟರೆ ಹಿಡಿಯುತ್ತಾನಂತೆ.
ಕುರ್ಚಿ ತೋರಿಸಿದರೂ ಕೂರಲಿಲ್ಲ.
'ಯಕ್ಕಾ, ಅದು ಚೊಲೊದೋ ಕೆಟ್ಟದ್ದೋ,
ಅಷ್ಟು ಹೇಳಿಬಿಡು.'

ವರದಿ ನಾಲ್ಕು ಪುಟ ಇತ್ತು.
ಆ ಮಾತಿಗೆ ಒಂದು ಕಾಲಂ ಇರಲಿಲ್ಲ.

ಹೇಳಲು ಬಾರದೆ ತೋರಿಸಿದೆ,
ಫ್ರಿಜ್ಜಿನಿಂದ ಕೊಳವೆ ತೆಗೆದು.
ಆಕೆ ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು,
ಹೆಬ್ಬೆರಳು ತೋರುಬೆರಳ ನಡುವೆ
ಇಲ್ಲದ ಹತ್ತಿಯನ್ನು ಹಿಂಜಿದಳು.
'ಎಳಿ ಉದ್ದ ಅದ,' ಅಂದಳು. 'ಕಸ ಇಲ್ಲ.'

ಆಮೇಲೆ ಮೆಲ್ಲಗೆ:
'ಇದು ಪುಡೀದೋ? ನನ್ನ ಮಗಂದೋ?'

ನೋಡಿದೆ. ಕೊಳವೆಯ ಮೇಲಿನ ನೀಲಿ ಬರಹ
ಯಾವಾಗಲೋ ನನ್ನ ಬೆವರಿಗೆ ಅಳಿಸಿ ಹೋಗಿತ್ತು.